ತೆರೆಯಲೊಲ್ಲದ ಫೈಲು

ವಿಕ್ರೋಳಿಯ ಆ ಆಫೀಸಿನ ಕಂಪ್ಯೂಟರ್ ಕೋಣೆಗೆ ಕಾಲಿಡುವ ಮುನ್ನ ಎಲ್ಲರೂ ಬೂಟು, ಚಪ್ಪಲಿ ಹೊರಗೆ ಕಳಚಿಡಬೇಕಿತ್ತು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆ ಎಂದು ಅದನ್ನು ಮಾರಿದವನು ಹೇಳಿಹೋಗಿದ್ದ. ಪಾಪ, ಅವನಿಗೆ ಮುಂಬಯಿ ಗಂಡಸರ ಕಾಲುಚೀಲಗಳ ಪರಿಚಯವಿರಲಿಲ್ಲ ಎಂದು ಕಾಣುತ್ತದೆ. ಲೋಕಲ್‌ನಲ್ಲಿ ಬೆವೆತು, ಸ್ಟೇಷನ್ನಿನ ಹೊರಗಿನ ರೊಜ್ಜಿನಲ್ಲಿ ನೆನೆದು ಬಂದ ಕಾಲುಚೀಲಗಳು ಕಿಟಕಿ ಮುಚ್ಚಿದ ಎ.ಸಿ. ಕೋಣೆಯಲ್ಲಿ ನಿಧಾನವಾಗಿ ಒಣಗುತ್ತಿದ್ದವು. ಅದರ ಮೇಲೆ ದಿನಾ ಬೆಳಿಗ್ಗೆ ಊದುಬತ್ತಿ ಬೇರೆ. ಎರಡೂ ಕಲೆತು ಹುಟ್ಟುತ್ತಿದ್ದ ನಾತಕ್ಕೆ ವನಮಾಲಾ ಇನ್ನೂ ಹೆಸರಿಟ್ಟಿರಲಿಲ್ಲ. ಸೆರಗಿನ ತುದಿ ಮೂಗಿಗೆ ಹಿಡಿದುಕೊಂಡು ಒಂದೇ ಕೈಯಲ್ಲಿ ಟೈಪು ಮಾಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಳು.

ಆ ವರ್ಷ, ಎಂದರೆ ತೊಂಬತ್ತನೇ ಇಸವಿಯಲ್ಲಿ, ದಸರಾ ಕಳೆದ ಮೇಲೆ ಕೋಣೆ ಇನ್ನೂ ಹೇಸಿಗೆಯಾಗಿತ್ತು. ಆಯುಧಪೂಜೆಗೆ ಕಂಪ್ಯೂಟರಿನ ಪರದೆಗೆ ಹಾಕಿದ ಚೆಂಡುಹೂವಿನ ಹಾರ ಅಲ್ಲೇ ಕೊಳೆಯುತ್ತಿತ್ತು. ಕಪ್ಪಾದ ಎಸಳುಗಳು ಕೀಲಿಮಣೆಯ ಮೇಲೆ ಉದುರುತ್ತಿದ್ದವು. ಪ್ರಸಾದದ ಪೇಡೆಯ ಪುಡಿ ಕೀಲಿಗಳ ಸಂದಿಗೆ ಇಳಿದು ಇರುವೆಗಳಿಗೆ ದಾರಿ ಮಾಡಿಕೊಟ್ಟಿತ್ತು. ಧೂಳಿಗೆ ಹೆದರಿ ಚಪ್ಪಲಿ ಬಿಡಿಸುವವರು ಪೇಡೆಗೆ ಹೆದರುತ್ತಿರಲಿಲ್ಲ. ಹಾರ ತೆಗೆದುಬಿಡೋಣವೇ ಎಂದು ವನಮಾಲಾ ಕೇಳಿದ್ದಕ್ಕೆ ಸತ್ಯಮೂರ್ತಿಯವರು, "ದೀಪಾವಳಿಗೆ ಹೊಸದು ಹಾಕ್ತೀವಲ್ಲ, ಆಗ ತೆಗೆದರಾಯ್ತು. ಪೂಜೆ ಮಾಡಿದ್ದನ್ನ ಹಾಗೆಲ್ಲ ಕೀಳಬಾರದಮ್ಮ" ಎಂದಿದ್ದರು.

ಸತ್ಯಮೂರ್ತಿಯವರು ಆ ಆಫೀಸಿನ ಮುಖ್ಯಸ್ಥರು. ಮೈಸೂರಿನವರು, ಐವತ್ತು ದಾಟಿದವರು, ಹಣೆಯ ಮೇಲೆ ಸಣ್ಣ ಅಕ್ಷತೆ, ಬಾಯಲ್ಲಿ ಸದಾ ಹಿತವಾದ ಮಾತು. ಮದುವೆಯಾಗಿ ದಾದರಿಗೆ ಬಂದು, ಇಂಜಿನಿಯರಿಂಗ್ ಓದಿಯೂ ಸುಮ್ಮನೆ ಮನೆಯಲ್ಲಿ ಕೂತಿದ್ದ ವನಮಾಲಾಳನ್ನು ಕರೆದು ಕೆಲಸ ಕೊಟ್ಟವರು ಅವರೇ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಹೇಳಿಕೊಟ್ಟವರೂ ಅವರೇ. ಕಾರ್ಖಾನೆಯೊಂದಕ್ಕೆ ವಿದ್ಯುತ್ತು ತರುವ ತಂತಿ, ಟ್ರಾನ್ಸ್‌ಫಾರ್ಮರುಗಳನ್ನೆಲ್ಲ ಅಂಕಿಗಳಾಗಿ ಬರೆದು ಕಂಪ್ಯೂಟರಿಗೆ ಉಣಿಸಿದರೆ, ಒಂದು ತಂತಿ ಕೈಕೊಟ್ಟಾಗ ಉಳಿದವು ಹೊರೆ ತಾಳುತ್ತವೋ ಇಲ್ಲವೋ ಎಂದು ಅದು ಲೆಕ್ಕ ಹಾಕಿ ಹೇಳುತ್ತದೆ. ಆಫೀಸಿನ ಸಂಪಾದನೆಯೆಲ್ಲ ಆ ಲೆಕ್ಕದ ಮೇಲೆ ನಿಂತಿತ್ತು. ಸತ್ಯಮೂರ್ತಿಯವರೆಂದರೆ ವನಮಾಲಾಳಿಗೆ ತವರಿನ ಹಿರಿಯರಿದ್ದ ಹಾಗೆ. ಅವರ ಮಾತನ್ನು ಅವಳು ಎಂದೂ ತೆಗೆದುಹಾಕಿದವಳಲ್ಲ. ಹಾರ ಕೊಳೆಯಲು ಬಿಟ್ಟಳು.

ಆಗಲೇ ಆ ಫೈಲು ಹಠ ಹಿಡಿದದ್ದು.

ಠಾಣೆಯ ಕಡೆಯ ಒಂದು ರಾಸಾಯನಿಕ ಕಾರ್ಖಾನೆಯ ಕೆಲಸ. ಅಂಕಿಗಳನ್ನೆಲ್ಲ ತುಂಬಿ ಮುಗಿದಿತ್ತು. ಎಲ್ಲ ಲೆಕ್ಕಗಳನ್ನೂ ಒಂದರ ಹಿಂದೊಂದು ತಾನೇ ಓಡಿಸಲೆಂದು ವನಮಾಲಾ ಆಜ್ಞೆಗಳ ಪಟ್ಟಿಯೊಂದನ್ನು ಬರೆದಿದ್ದಳು. ಅದನ್ನು ಚಾಲೂ ಮಾಡಿದರೆ ಪರದೆಯ ತುಂಬ ಒಂದೇ ಮಾತು: "ಕೆನಾಟ್ ಓಪನ್ ಫೈಲ್." ಫೈಲು ತೆರೆಯಲಾಗದು. ಒಂದು ಲೆಕ್ಕಕ್ಕೂ ಅದೇ, ಇನ್ನೊಂದಕ್ಕೂ ಅದೇ. ಮೂರ್ಖ ಯಂತ್ರ, ಏಕೆ ತೆರೆಯಲಾಗದು ಎಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ಅಂಕಿ ತುಂಬಿದವನು ಸಿದ್ದಲಿಂಗಪ್ಪ. ಬಿಜಾಪುರದ ಕಡೆಯವನು, ಬಿ.ಎಸ್ಸಿ. ಮಾಡಿ ಬಂದವನು, ದಾದರಿನ ಒಂದು ಚಾಳಿನಲ್ಲಿ ಊರವರ ಜೊತೆ ಒಂದೇ ಖೋಲಿಯಲ್ಲಿ ಒತ್ತಿಕೊಂಡು ಮಲಗುತ್ತಿದ್ದವನು. ಅವನದು ತಾತ್ಕಾಲಿಕ ನೌಕರಿ, ದೀಪಾವಳಿಗೆ ಕಾಯಂ ಆಗಬೇಕಿತ್ತು. ಕಾಯಂ ಆದರೆ ಬೇರೆ ಖೋಲಿ ಹಿಡಿಯುವುದು, ಹೆಂಡತಿ ನಾಗವ್ವನನ್ನೂ, ಹುಟ್ಟಿದ ಮೇಲೆ ಒಂದೇ ಸಲ ನೋಡಿದ್ದ ಮಗಳನ್ನೂ ಕರೆತರುವುದು. ಆಫೀಸಿನಲ್ಲಿ ಇದನ್ನು ಅವನಿಂದ ಕೇಳದವರು ಯಾರೂ ಇರಲಿಲ್ಲ. ಕೇಳಿ ಕೇಳಿ ಬೇಸತ್ತವರೂ ಇದ್ದರು.

"ಅಕ್ಕಾರ, ನಾ ಮತ್ತ ಮತ್ತ ತಪಾಸ ಮಾಡೇನ್ರಿ. ಒಂದ ಅಂಕಿ ಸೈತ ತಪ್ಪಿಲ್ರಿ" ಎಂದು ಅವನು ವನಮಾಲಾಳ ಬೆನ್ನ ಹಿಂದೆ ನಿಂತು ಹೇಳುತ್ತಿದ್ದ.

"ನಿಮ್ಮದೇ ತಪ್ಪು ಅಂತ ಯಾರು ಹೇಳಿದ್ರು?"

"ಸಾಹೇಬ್ರು ಅಂದ್ರಲ್ರಿ. ಹಳೇ ಕೆಲಸದ ಫೈಲು ತೆರಿತಾವು, ಇದೊಂದs ತೆರಿವಲ್ದು, ಅಂದಮ್ಯಾಲ ತುಂಬಿದಾಂವಂದs ತಪ್ಪು ಅಂದ್ರು. ಇದು ಸುಧಾರಸಲಿಲ್ಲಾಂದ್ರ ಕಾಯಂ ಮಾಡೂದು ಕಠಿಣ ಅದ ಅಂದ್ರು."

ಮಾತಿನಲ್ಲಿ ತರ್ಕವೇನೋ ಇತ್ತು. ವನಮಾಲಾ ಮೊದಲು ಫ್ಲಾಪಿಯನ್ನು ಅನುಮಾನಿಸಿದಳು. ಮುಂಬಯಿಯ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಹಿಡಿದ ಹಾಗೆ ಫ್ಲಾಪಿಗಳಿಗೂ ಬೂಷ್ಟು ಹಿಡಿಯುತ್ತದೆ. ಲಕೋಟೆಯ ಕಿಂಡಿಯಲ್ಲಿ ಇಣುಕಿದರೆ ಬಿಳಿ ಚುಕ್ಕೆಗಳು ಕಂಡವು. ಅಸಹ್ಯಪಡುತ್ತಲೇ ಹತ್ತಿಯಲ್ಲಿ ಒರೆಸಿ, ಫೈಲನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿದಳು. ಅಲ್ಲಿಂದಲೂ ತೆರೆಯಲಿಲ್ಲ. ಹೆಸರು ಸರಿಯಿದೆಯೇ, ಇರಬೇಕಾದ ಜಾಗದಲ್ಲೇ ಇದೆಯೇ ಎಂದು ನೋಡಿದಳು. ಒಂದೇ ಹೊತ್ತಿಗೆ ಎಷ್ಟು ಫೈಲು ತೆರೆಯಬಹುದೆಂಬ ಮಿತಿಯನ್ನು ಹೆಚ್ಚಿಸಿ ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಳು. ಬೇರೆ ಹೆಸರು ಕೊಟ್ಟಳು. ಸತ್ಯಮೂರ್ತಿಯವರು ಬಾಗಿಲಲ್ಲಿ ಇಣುಕಿ, "ಆಯ್ತೇನಮ್ಮ?" ಎಂದು ಕೇಳಿ ಹೋಗುವರು. ಇರುವೆಗಳು ಅವಳ ಬೆರಳು ಹತ್ತುವವು. ಫೈಲು ಮಾತ್ರ ಜಪ್ಪಯ್ಯ ಎಂದರೂ ತೆರೆಯಲಿಲ್ಲ.

ಕಾರ್ಖಾನೆಯ ಇಂಜಿನಿಯರು ಕರಂದೀಕರ್ ಬೆಳಿಗ್ಗೆಯೇ ಫೋನಿನಲ್ಲಿ ಎಗರಾಡಿ, ನಿಮ್ಮ ಪ್ರೋಗ್ರಾಮೇ ದಂಡ, ಮಧ್ಯಾಹ್ನ ನಾನೇ ಬಂದು ನೋಡುತ್ತೇನೆ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದ ದಿನ ವನಮಾಲಾ ಹೊಸ ದಾರಿ ಹಿಡಿದಳು. ಫೈಲಿನ ನಕಲೊಂದನ್ನು ಮಾಡಿಕೊಂಡು, ಅದರ ಕೆಳಗಿನ ಅರ್ಧ ಕತ್ತರಿಸಿ ಓಡಿಸಿದಳು. ತೆರೆಯಲಿಲ್ಲ. ಉಳಿದದ್ದರಲ್ಲಿ ಮತ್ತೆ ಅರ್ಧ ಕತ್ತರಿಸಿದಳು. ಇಲ್ಲ. ಕತ್ತರಿಸುತ್ತ, ಓಡಿಸುತ್ತ, ಬೈಯುತ್ತ ಮೇಲಕ್ಕೆ ಬಂದಳು. ತಂತಿಗಳೆಲ್ಲ ಹೋದವು, ಟ್ರಾನ್ಸ್‌ಫಾರ್ಮರುಗಳು ಹೋದವು, ಕಾರ್ಖಾನೆಯೇ ಮಾಯವಾಯಿತು. ಕೊನೆಗೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಉಳಿಯಿತು. ಅದನ್ನೂ ಯಂತ್ರ ತೆರೆಯಲೊಲ್ಲದು.

ಆ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಎರಡೂ ಬದಿಗೆ ಎರಡೆರಡು ನಿಲುಗೆರೆ ಎಳೆದು "ಶ್ರೀ" ಎಂದು ಬರೆದಿತ್ತು.

ವನಮಾಲಾ ಅದನ್ನು ನೋಡಿಯೇ ಇರಲಿಲ್ಲ ಎಂದಲ್ಲ. ಇಷ್ಟು ದಿನವೂ ಫೈಲು ನೋಡಿದಾಗಲೆಲ್ಲ ನೋಡಿದ್ದಳು. ಆದರೆ ಮದುವೆಯ ಕರೆಯೋಲೆಯಿಂದ ಹಿಡಿದು ಕಿರಾಣಿ ಅಂಗಡಿಯ ಚೀಟಿಯವರೆಗೆ ಎಲ್ಲದರ ನೆತ್ತಿಯ ಮೇಲೂ ಶ್ರೀಕಾರ ಕಂಡು ಬೆಳೆದ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ, ಜಾರಿ ಕೆಳಗಿಳಿಯುತ್ತದೆ. ಸಿದ್ದಲಿಂಗಪ್ಪನ ಕಣ್ಣೂ ಜಾರಿತ್ತು, ಸತ್ಯಮೂರ್ತಿಯವರದೂ ಜಾರಿತ್ತು. ಜಾರದೆ ನಿಂತದ್ದು ಯಂತ್ರ ಒಂದೇ. ಅದಕ್ಕೆ ಮೊದಲ ಸಾಲಿನಲ್ಲಿ ಅಂಕಿ ಬೇಕಾಗಿತ್ತು.

ಕಪಾಟಿನಿಂದ ಪ್ರೋಗ್ರಾಮಿನ ಮೂಲಪಾಠದ ಪ್ರಿಂಟನ್ನು ತೆಗೆದು ಓದಿದಳು. ಬರೆದ ಪುಣ್ಯಾತ್ಮ ಫೈಲು ತೆರೆಯುವಾಗ ತೊಡಕಾದರೂ, ಅದರ ಮೊದಲ ಸಾಲು ಓದುವಾಗ ತೊಡಕಾದರೂ ಒಂದೇ ದೂರು ಬರುವಂತೆ ಬರೆದಿದ್ದ. ಎರಡು ಮಾತು ಬರೆಯಲು ಸೋಮಾರಿತನ. ಫೈಲು ಎಲ್ಲ ದಿನವೂ ಸರಿಯಾಗಿಯೇ ತೆರೆಯುತ್ತಿತ್ತು. ಅವರೆಲ್ಲ ಬಾಗಿಲ ಚಿಲಕ ಹುಡುಕುತ್ತ ಕೂತಿದ್ದರು, ಬಾಗಿಲು ತೆರೆದೇ ಇತ್ತು.

"ಇದನ್ನ ನೀವು ಬರೆದ್ರಾ?" ಎಂದು ಸಿದ್ದಲಿಂಗಪ್ಪನನ್ನು ಕೇಳಿದಳು.

"ಇಲ್ರಿ ಅಕ್ಕಾರ, ಸಾಹೇಬ್ರು ಬರದಾರ್ರಿ. ಪೂಜಾ ದಿವಸ ನೀವು ರಜಾ ಇದ್ರಿ. ಆರತಿ ಆದಮ್ಯಾಲ ಹೊಸಾ ಕೆಲಸದ ಫೈಲಿಗೆ ಮುಹೂರ್ತ ಮಾಡೋಣು ಅಂತ ತಾವs ಕುಂತು ಒತ್ತಿದ್ರು. ನಾ ತಾಟ ಹಿಡಕೊಂಡು ಬಾಜೂಕ ನಿಂತಿದ್ದೆ. ಉಳಿದವರೆಲ್ಲ ಪೇಡೆ ತಿನ್ನಾಕ ಹೊರಗ ಹೋಗಿದ್ರು. ಆಮ್ಯಾಲ ಅದರ ಕೆಳಗ ನಾ ಅಂಕಿ ತುಂಬಿದೆ."

"ತೆಗೆದುಬಿಡಬೇಕು ಅನ್ನಿಸಲಿಲ್ವಾ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ದೇವರ ಹೆಸರು ಅಲ್ಲೇನ್ರಿ. ಅದೂ ಹಿರಿಯರ ಕೈಲೆ ಬರದದ್ದು. ನಾ ಹ್ಯಾಂಗ ತಗೀಲಿ?"

ವನಮಾಲಾಳಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಸತ್ಯಮೂರ್ತಿಯವರ ಕ್ಯಾಬಿನ್ನಿಗೆ ಹೆಚ್ಚು ಕಡಿಮೆ ಓಡಿಯೇ ಹೋದಳು. ಅವರು ತಲೆ ಚಚ್ಚಿಕೊಂಡು, ನನ್ನ ಬುದ್ಧಿಗಿಷ್ಟು ಎಂದು ನಗುತ್ತಾರೆ, ಕಾಫಿ ತರಿಸುತ್ತಾರೆ, ಇದನ್ನು ಮುಂದೆ ಬಂದವರಿಗೆಲ್ಲ ಕಥೆ ಮಾಡಿ ಹೇಳುತ್ತಾರೆ ಎಂದುಕೊಂಡಿದ್ದಳು.

ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಇದು ಯಾರ್ಯಾರಿಗೆ ಗೊತ್ತು?" ಎಂದು ಕೇಳಿದರು.

"ನನಗೆ, ಸಿದ್ದಲಿಂಗಪ್ಪನಿಗೆ. ಇನ್ಯಾರಿಗೂ ಹೇಳಿಲ್ಲ ಸರ್. ಮೊದಲು ನಿಮಗೇ ಹೇಳೋಣ ಅಂತ ಬಂದೆ."

"ಒಳ್ಳೇದಾಯ್ತು. ಅಸಲಿ ಫೈಲನ್ನ ಈಗ ಮುಟ್ಟಬೇಡ. ಮಧ್ಯಾಹ್ನ ಕರಂದೀಕರ್ ಬರ್ತಾರಲ್ಲ, ಅವರ ಎದುರಿಗೇ ಆ ಸಾಲು ತೆಗೆದು ಓಡಿಸೋಣ. ಪ್ರೋಗ್ರಾಮಿಗೆ ಏನೂ ಆಗಿಲ್ಲ ಅಂತ ಅವರು ಕಣ್ಣಾರೆ ನೋಡಲಿ. ಹೋಗ್ತಾ ಸಿದ್ದಲಿಂಗಪ್ಪನ್ನ ಕಳಿಸು."

ತಪ್ಪನ್ನು ಗಿರಾಕಿಯ ಎದುರಿಗೇ ಒಪ್ಪಿಕೊಳ್ಳುವ ಮನುಷ್ಯ ಎಂದು ವನಮಾಲಾಳ ಮನಸ್ಸಿನಲ್ಲಿ ಅವರು ಇನ್ನೂ ಒಂದು ಗೇಣು ಎತ್ತರವಾದರು. ಇವಳೂ ಹುಚ್ಚಿಯೇ.

ಕ್ಯಾಬಿನ್ನಿನಿಂದ ಹೊರಬಂದ ಸಿದ್ದಲಿಂಗಪ್ಪನ ಮುಖ ಅರಳಿತ್ತು. ಊಟಕ್ಕೆ ಕೂತಾಗ ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ವನಮಾಲಾಳ ಮೊಸರನ್ನಕ್ಕೆ ಧಾರಾಳವಾಗಿ ಬಡಿಸಿದ. "ಕಾಯಂ ನಕ್ಕಿ ಆತ್ರಿ ಅಕ್ಕಾರ. ಸಾಹೇಬ್ರು ಮಾತ ಕೊಟ್ರು" ಎಂದ. ಅದು ಹೇಗೆ ಎಂದು ಕೇಳಿದರೆ, "ಸಂಜಿಕ ನಿಮಗs ತಿಳೀತದ. ಯಾರೇನ ಅಂದ್ರೂ ನೀವು ಸುಮ್ಮಕಿರ್ರಿ ಮತ್ತ" ಎಂದು ನಕ್ಕ. ವನಮಾಲಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕರಂದೀಕರ್ ಬಂದರು. ಬೂಟು ಬಿಚ್ಚಿದಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳೊಂದು ಹೊರಗಿಣುಕಿತು. ಕಂಪ್ಯೂಟರ್ ಕೋಣೆಯ ಒಳ್ಳೆಯ ಕುರ್ಚಿಯಲ್ಲಿ ಕೂತು, ಸ್ಕೂಟರಿನ ಕೀಲಿಯನ್ನು ಕಿವಿಯೊಳಗೆ ತಿರುವಿ, ಅಂಟಿಕೊಂಡು ಬಂದದ್ದನ್ನು ಪರೀಕ್ಷಿಸಿ ನೋಡಿ ಪ್ಯಾಂಟಿಗೆ ಒರೆಸಿಕೊಂಡರು. "ಹಾಂ, ದಿಖಾಯಿಯೇ" ಎಂದರು, ತೋರಿಸಿ ನೋಡೋಣ ಎಂಬಂತೆ.

ಸತ್ಯಮೂರ್ತಿಯವರ ಸನ್ನೆಯಂತೆ ವನಮಾಲಾ ಫೈಲು ಓಡಿಸಿದಳು. ಅದೇ ದೂರು ಬಂತು. ಆಮೇಲೆ ಫೈಲನ್ನು ಪರದೆಯ ಮೇಲೆ ತೆರೆದು ಮೊದಲ ಸಾಲು ತೋರಿಸಿ, ಪ್ರೋಗ್ರಾಮು ಇಲ್ಲಿ ಅಂಕಿಯನ್ನು ನಿರೀಕ್ಷಿಸುತ್ತದೆ, ಅಕ್ಷರ ಸಿಕ್ಕಿದ್ದಕ್ಕೆ ನಿಂತಿದೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಕರಂದೀಕರ್ ಮುಂದೆ ಬಾಗಿ ಓದಿದರು. "ಶ್ರೀ? ಯೆ ಕಿಸನೆ ಲಿಖಾ?" ಇದನ್ನು ಬರೆದವರು ಯಾರು?

ವನಮಾಲಾ ಸತ್ಯಮೂರ್ತಿಯವರ ಕಡೆ ನೋಡಿದಳು. ಈಗ ಹೇಳುತ್ತಾರೆ. ಅವರು ಮನಸ್ಸು ನೊಂದವರ ಹಾಗೆ ತಲೆ ಅಲ್ಲಾಡಿಸಿ, ಬಾಗಿಲ ಬಳಿ ನಿಂತಿದ್ದ ಸಿದ್ದಲಿಂಗಪ್ಪನ ಕಡೆ ತಿರುಗಿದರು. "ಬೋಲೋ ಭಾಯಿ. ಕಿಸನೆ ಲಿಖಾ?"

"ಮೈನೆ ಲಿಖಾ ಸಾಬ್" ಎಂದ ಸಿದ್ದಲಿಂಗಪ್ಪ. ನಾನೇ ಬರೆದದ್ದು ಎಂದು, ಪಾಠ ಒಪ್ಪಿಸುವವನ ಹಾಗೆ, ತಡವರಿಸದೆ.

ವನಮಾಲಾ ಕರಂದೀಕರರ ಕಡೆ ತಿರುಗಿದಳು. "ಇವನಲ್ಲ" ಎಂದಳು, ಕರಂದೀಕರರಿಗೆ ತಿಳಿಯುವ ಹಾಗೆ ಹಿಂದಿಯಲ್ಲಿಯೇ. "ಇವನು ಬರೆದದ್ದಲ್ಲ. ಸತ್ಯಮೂರ್ತಿ ಸರ್ ಬರೆದದ್ದು. ಪೂಜೆಯ ದಿನ ಇವನು ಪಕ್ಕದಲ್ಲೇ ನಿಂತಿದ್ದ."

ಸತ್ಯಮೂರ್ತಿಯವರಿಗೆ ಸಿಟ್ಟು ಕೂಡ ಬರಲಿಲ್ಲ. ಹಿರಿಯರು ಮಕ್ಕಳ ತುಂಟತನ ಸಹಿಸಿಕೊಳ್ಳುವ ಹಾಗೆ ಮುಗುಳ್ನಕ್ಕು ಕರಂದೀಕರರಿಗೆ ಹೇಳಿದರು: ಇಬ್ಬರೂ ಒಂದೇ ಭಾಷೆಯವರು, ಅಕ್ಕ ತಮ್ಮನ ಹಾಗೆ ಇದ್ದಾರೆ, ಹುಡುಗನನ್ನು ಉಳಿಸಲು ನೋಡುತ್ತಿದ್ದಾಳೆ, ಒಳ್ಳೆಯ ಮನಸ್ಸು. ತಾವು ಯಾವ ಭಾಷೆಯವರೆಂಬುದು ಆ ಹೊತ್ತಿಗೆ ಅವರಿಗೆ ಮರೆತಿತ್ತು. ವನಮಾಲಾ ಸಿದ್ದಲಿಂಗಪ್ಪನನ್ನು ನೋಡಿದರೆ, ಅವನು ಹುಬ್ಬು ಏರಿಸಿ, ಸುಮ್ಮನಿರಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಆಗ ಅವಳಿಗೆ ಎಲ್ಲವೂ ತಿಳಿಯಿತು. ಗಿರಾಕಿಯ ಎದುರಿಗೆ ನಿನ್ನನ್ನು ಒಂದಿಷ್ಟು ಬೈಯುತ್ತೇನೆ, ತಪ್ಪು ನಿನ್ನದೆಂದು ಒಪ್ಪಿಕೋ, ನಿನ್ನ ಕಾಯಂ ನಾನು ನೋಡಿಕೊಳ್ಳುತ್ತೇನೆ. ಸತ್ಯಮೂರ್ತಿಯವರು ಮಾತು ಕೊಟ್ಟದ್ದು ಹೀಗೆ. ಶೇಂಗಾ ಚಟ್ನಿ ಬಡಿಸಿದ್ದು ಇದಕ್ಕೆ.

"ಐಸಾ ಆದ್ಮಿ ಮೇರೆ ಕಾಮ್ ಪೆ ನಹೀ ಚಾಹಿಯೆ" ಎಂದರು ಕರಂದೀಕರ್. ಇಂಥವನು ನನ್ನ ಕೆಲಸಕ್ಕೆ ಬೇಡ.

"ಆಜ್ ಸೆ ನಹೀ ರಹೇಗಾ" ಎಂದರು ಸತ್ಯಮೂರ್ತಿಯವರು, ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ. ಇಂದಿನಿಂದಲೇ ಇರುವುದಿಲ್ಲ.

ಸಿದ್ದಲಿಂಗಪ್ಪ ತಲೆ ತಗ್ಗಿಸಿದ. ತಗ್ಗಿಸಿದ ತಲೆಯ ಕೆಳಗೆ ಅವನು ಇನ್ನೂ ಸಣ್ಣಗೆ ನಗುತ್ತಿದ್ದುದು ವನಮಾಲಾಳಿಗೆ ಕಾಣುತ್ತಿತ್ತು. ನಾಟಕ ಚೆನ್ನಾಗಿ ನಡೆಯುತ್ತಿದೆ ಎಂದು ಅವನ ಎಣಿಕೆ. ಅವನ ಮೇಲೂ ಅವಳಿಗೆ ಹೇಸಿಗೆಯಾಯಿತು. ಇಷ್ಟು ಸುಲಭಕ್ಕೆ ನಂಬುವವನನ್ನು ಕಂಡರೆ ಮರುಕಕ್ಕಿಂತ ಮೊದಲು ಹೇಸಿಗೆಯೇ ಆಗುತ್ತದೆ.

"ಆ ಸಾಲು ತೆಗೆದು ಓಡಿಸಮ್ಮ" ಎಂದರು ಸತ್ಯಮೂರ್ತಿಯವರು.

ವನಮಾಲಾ ಕುರ್ಚಿಯಿಂದ ಎದ್ದಳು. "ನೀವು ಬರೆದದ್ದು ಸರ್. ನೀವೇ ತೆಗೀರಿ."

ಕರಂದೀಕರ್ ಗಡಿಯಾರ ನೋಡಿಕೊಂಡರು. ಬೇರೆ ದಾರಿಯಿಲ್ಲದೆ ಸತ್ಯಮೂರ್ತಿಯವರು ಕುರ್ಚಿಯಲ್ಲಿ ಕೂತರು. ತೋರುಬೆರಳನ್ನು ಅಳಿಸುವ ಕೀಲಿಯ ಮೇಲೆ ತಂದು ಹಾಗೆಯೇ ಹಿಡಿದರು. ಬೆರಳು ಇಳಿಯಲಿಲ್ಲ. ಎ.ಸಿ. ಕೋಣೆಯಲ್ಲೂ ಅವರ ಕತ್ತಿನ ಹಿಂಭಾಗ ಒದ್ದೆಯಾಗಿತ್ತು. ತುಟಿಗಳು ಏನನ್ನೋ ಮಣಮಣಿಸಿದವು. ಆಮೇಲೆ ಬಲಗೈ ಚಾಚಿ, ಪರದೆಯ ಮೇಲಿದ್ದ ಆ ಹಸಿರು ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ತಪ್ಪಾಯಿತು ಎಂದು ಎರಡೂ ಗಲ್ಲ ಬಡಿದುಕೊಂಡರು. ಆಮೇಲಷ್ಟೇ ಕೀಲಿ ಒತ್ತಿದರು.

ಬೇರೆಯವರು ಬರೆದ ಶ್ರೀಕಾರಕ್ಕೆ ಯಾರೂ ಹಾಗೆ ಬೆವರುವುದಿಲ್ಲ. ಕರಂದೀಕರರಿಗೂ ಅದು ಹೊಳೆಯಿತು. ಅವರು ಒಮ್ಮೆ ಸತ್ಯಮೂರ್ತಿಯವರ ಮುಖ ನೋಡಿದರು, ಒಮ್ಮೆ ಸಿದ್ದಲಿಂಗಪ್ಪನನ್ನು ನೋಡಿದರು. ನೋಡಿ, ಸ್ಕೂಟರಿನ ಕೀಲಿಯನ್ನು ಇನ್ನೊಂದು ಕಿವಿಗೆ ಹಾಕಿಕೊಂಡರು. "ಚಲೋ, ಪ್ರಿಂಟ್ ನಿಕಾಲೋ" ಎಂದರು. ಸರಿ, ಪ್ರಿಂಟ್ ತೆಗೆಯಿರಿ.

ಫೈಲು ತೆರೆಯಿತು. ಅಂಕಿಗಳು ಪರದೆಯ ಮೇಲೆ ಹರಿಯತೊಡಗಿದವು, ಒಂದು ಲೆಕ್ಕದ ಹಿಂದೆ ಇನ್ನೊಂದು, ಏನೂ ಆಗಿಯೇ ಇಲ್ಲವೆಂಬಂತೆ.

ವನಮಾಲಾಳಿಗೆ ಸೆರಗು ಮೂಗಿಗೆ ಹಿಡಿಯುವುದೂ ಮರೆತುಹೋಗಿತ್ತು. ಕೋಣೆಯ ನಾತವೆಲ್ಲ ಒಂದೇ ಮನುಷ್ಯನಿಂದ ಏಳುತ್ತಿದೆ ಅನ್ನಿಸಿತು. ಅವಳು ಕನ್ನಡದಲ್ಲಿ, ಮೆಲ್ಲಗೆ, ಪ್ರತಿ ಮಾತನ್ನೂ ಬಿಡಿಸಿ ಕೇಳಿದಳು: "ಆ ಅಕ್ಷರಕ್ಕೆ ತಪ್ಪಾಯ್ತು ಅಂದ್ರಲ್ಲ ಸರ್, ಬಾಗಿಲಲ್ಲಿ ನಿಂತಿದಾನಲ್ಲ, ಅವನಿಗೆ ಯಾವಾಗ ಅಂತೀರಿ?"

ಸತ್ಯಮೂರ್ತಿಯವರು ತಿರುಗಲಿಲ್ಲ. ಓಡುತ್ತಿದ್ದ ಅಂಕಿಗಳನ್ನೇ ನೋಡುತ್ತ, ಕರಂದೀಕರರಿಗೆ ಒಂದಕ್ಷರವೂ ತಿಳಿಯದ ಅದೇ ಕನ್ನಡದಲ್ಲಿ, ಎಂದಿನ ಹಿತವಾದ ದನಿಯಲ್ಲಿ ಹೇಳಿದರು. "ಅವನ ಲೆಕ್ಕ ಚುಕ್ತಾ ಮಾಡೋಕೆ ಬೆಳಿಗ್ಗೆಯೇ ಹೇಳಾಯ್ತು. ನೀನು ಪ್ರಿಂಟರಿಗೆ ಕಾಗದ ಹಾಕು."

ಹಿಂದಿಯಲ್ಲಿ ಆಡಿದ್ದೆಲ್ಲ ಕರಂದೀಕರರಿಗಾಗಿ ಎಂದು ಸಿದ್ದಲಿಂಗಪ್ಪ ನಂಬಿದ್ದ. ಕನ್ನಡದಲ್ಲಿ ನಾಟಕವಾಡಿ ನಂಬಿಸಬೇಕಾದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನ ಮುಖದ ಮೇಲಿನ ನಗು ಒಮ್ಮೆಗೇ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. "ಸಾಹೇಬ್ರ" ಎಂದ. ಇನ್ನೊಮ್ಮೆ "ಸಾಹೇಬ್ರ" ಎಂದ.

ವನಮಾಲಾ ಕಾಗದ ಹಾಕಲಿಲ್ಲ. ಕೈಕಟ್ಟಿಕೊಂಡು ನಿಂತಳು. ತುಸು ಕಾದು ನೋಡಿ, ಕರಂದೀಕರರೇ ಎದ್ದು ಹೋಗಿ ಪ್ರಿಂಟರಿಗೆ ಕಾಗದ ಹಾಕಿದರು.